ಗಾಳಿಗೆ ಬೀಸಿದ ಗಾಳ

ಸಾಧಾರಣ ಗಾಳದಲ್ಲಿ ತೂಕ ಇರುವುದು ತುದಿಯಲ್ಲಿ. ಕೊಕ್ಕೆಯ ಹತ್ತಿರ ಸೀಸದ ಗುಂಡು ಕಟ್ಟಿ ಬೀಸಿದರೆ ಗುಂಡು ಮುಂದೆ ಹೋಗುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಚಿಕ್ಕ ಮಕ್ಕಳಿಗೂ ಅರ್ಥವಾಗುವ ವ್ಯವಸ್ಥೆ. ಇಷ್ಟು ಸುಲಭವಾಗಿ ಮೀನು ಸಿಕ್ಕಿಬಿಟ್ಟರೆ ಹೇಗೆ ಎಂದು ಚಿಂತೆಗೆ ಬಿದ್ದವರು ಯಾರೋ ಫ್ಲೈ ಫಿಶಿಂಗ್ ಕಂಡುಹಿಡಿದಿರಬೇಕು. ಇದರಲ್ಲಿ ಕೊಕ್ಕೆಗೆ ಹೆಚ್ಚುಕಡಿಮೆ ತೂಕವೇ ಇಲ್ಲ. ಒಂದಿಷ್ಟು ಕೂದಲು, ಪುಕ್ಕ, ಮಿಂಚುವ ನೂಲು ಸುತ್ತಿ ಸಿಗಡಿಯದೋ ಮರಿಮೀನಿನದೋ ವೇಷ ಹಾಕಿಸಿರುತ್ತಾರೆ. ಅದಕ್ಕೆ ಫ್ಲೈ ಎಂದು ಹೆಸರು. ತೂಕ ಇರುವುದು ದಾರಕ್ಕೆ. ಆ ದಾರವನ್ನು ತಲೆಯ ಮೇಲೆ ಹಿಂದೆ ಮುಂದೆ ಬೀಸಿ, ಗಾಳಿಯಲ್ಲಿ ಕುಣಿಕೆ ಕಟ್ಟಿ, ಕುಣಿಕೆ ತಾನೇ ಬಿಚ್ಚಿಕೊಳ್ಳುತ್ತ ಹೋಗಿ ಫ್ಲೈಯನ್ನು ಮೀನಿನ ಮೂತಿಯ ಮುಂದೆ ಸದ್ದಿಲ್ಲದೆ ಇಳಿಸುವಂತೆ ಮಾಡಬೇಕು. ಮರಗಳ ಮರೆಯ ಹೊಳೆಗಳಲ್ಲಿ ಇದು ಸಾಧ್ಯವಂತೆ. ಸಮುದ್ರದಲ್ಲಿ ಮಾತ್ರ ಗಾಳಿ ಎಂಬುದೊಂದು ಇರುತ್ತದೆ.

ನಾನು ಅಮೆರಿಕದ ಟ್ಯಾಂಪಾದಲ್ಲಿ ವಿಮಾ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುವವನು. ಕುಂದಾಪುರದ ಕಡೆಯವನಾದರೂ ಮೀನಿಗೂ ನನಗೂ ಇದ್ದ ಸಂಬಂಧ ತಟ್ಟೆಯ ಮಟ್ಟದ್ದು. ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಹವ್ಯಾಸ ಇರುವುದನ್ನು ನೋಡಿ, ಹವ್ಯಾಸಕ್ಕೆ ಮೊದಲು ಅದರ ಸಾಮಾನು ಕೊಳ್ಳುವ ಜಾತಿಯವನಾದ ನಾನು 9 ಅಡಿಯ ಕಾರ್ಬನ್ ಕೋಲು, ರೀಲು, ಹದಿನಾಲ್ಕು ಜೇಬಿನ ಅಂಗಿ, ನೀರಿನೊಳಗೆ ನೋಡುವ ಪೋಲರೈಸ್ಡ್ ಕನ್ನಡಕ ಎಲ್ಲ ತರಿಸಿದೆ. ಲೆಫ್ಟಿ ಕ್ರೇ ಎಂಬ ಮಹಾನುಭಾವರು ರೂಪಿಸಿದ ‘ಡಿಸೀವರ್’ ಎಂಬ ಫ್ಲೈ ಎಷ್ಟು ಹೆಸರುವಾಸಿ ಎಂದರೆ 1991ರಲ್ಲಿ ಅಮೆರಿಕದ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಅದನ್ನೂ ಅರ್ಧ ಡಜನ್ ಕೊಂಡೆ. ಅಪಾರ್ಟ್‌ಮೆಂಟಿನ ಹುಲ್ಲಿನ ಮೇಲೆ ಕೊಕ್ಕೆಯ ಬದಲು ಉಣ್ಣೆಯ ತುಂಡು ಕಟ್ಟಿ ಸಂಜೆಸಂಜೆ ಬೀಸಿದೆ. ಪಕ್ಕದ ಮನೆಯ ನಾಯಿ ಮೊದಮೊದಲು ಉಣ್ಣೆಯ ಹಿಂದೆ ಓಡುತ್ತಿತ್ತು. ಅದು ಎಲ್ಲಿ ಬೀಳುತ್ತದೆಂದು ನನಗೇ ಗೊತ್ತಿಲ್ಲ ಎಂಬುದು ಖಚಿತವಾದ ಮೇಲೆ ಬಾಗಿಲ ಬಳಿ ಮಲಗಿಕೊಂಡು ನೋಡತೊಡಗಿತು.

ಆ ಜೂನಿನಲ್ಲಿ ಅತ್ತೆ ಮಾವ ಊರಿನಿಂದ ಬಂದಿದ್ದರು. ಮಾವ ಬ್ಯಾಂಕಿನಲ್ಲಿ ಆಡಿಟರ್ ಆಗಿ ನಿವೃತ್ತರಾದವರು. ನಿವೃತ್ತಿ ಬ್ಯಾಂಕಿನಿಂದ ಮಾತ್ರ, ಆಡಿಟು ಮುಂದುವರಿದಿದೆ. ಊರಿನ ಸಹಕಾರ ಸಂಘದವರು ಕೊಟ್ಟ ಡೈರಿ ಜೇಬಿನಲ್ಲಿ ಸದಾ ಇರುತ್ತದೆ. ಅವರೂ ಗಾಳ ಹಿಡಿದವರಲ್ಲ, ಆದರೆ ಮೀನು ಮಾರುಕಟ್ಟೆಯಲ್ಲಿ ಕಿವಿರು ಎತ್ತಿ ನೋಡಿ ಮೀನು ಯಾವಾಗ ಸತ್ತಿತೆಂದು ಹೇಳಬಲ್ಲರು. ಅವರನ್ನು ಮೆಚ್ಚಿಸಬೇಕು ಎಂಬ ಆಸೆ ಯಾವ ಅಳಿಯನಿಗೆ ಇರುವುದಿಲ್ಲ? ಫ್ಲಾರಿಡಾ ಕೀಸ್ ದ್ವೀಪಗಳ ಇಸ್ಲಮೊರಾಡದಲ್ಲಿ ಒಂದು ದಿನಕ್ಕೆ ದೋಣಿ ಗೊತ್ತುಮಾಡಿದೆ. ಬಾಡಿಗೆ 800 ಡಾಲರಿನ ಹತ್ತಿರ. ಅದನ್ನು ರೂಪಾಯಿಗೆ ಗುಣಿಸಿ ಹೇಳಲು ನನಗೆ ಧೈರ್ಯ ಬರಲಿಲ್ಲ. ಮಾವ ತಾವೇ ಗುಣಿಸಿಕೊಂಡು ಡೈರಿಯಲ್ಲಿ ಬರೆದರು.

“ಸಿಕ್ಕಿದ್ ಮೀನ್ ಮನಿಗೆ ತಪ್ಪುಕಾತ್ತಾ?” ಎಂದು ಕೇಳಿದರು.

ನಾವು ಹುಡುಕಿಕೊಂಡು ಹೊರಟಿದ್ದು ಬೋನ್‌ಫಿಶ್. ಫ್ಲಾರಿಡಾದಲ್ಲಿ 2013ರಿಂದ ಅದನ್ನು ಹಿಡಿದರೆ ಅಲ್ಲೇ ವಾಪಸ್ ಬಿಡಬೇಕು, ಕಾನೂನು. ಸಾಲದ್ದಕ್ಕೆ ಮೈತುಂಬ ಮುಳ್ಳು. ಇದನ್ನು ಆದಷ್ಟು ಮೃದುವಾಗಿ ವಿವರಿಸಿದೆ.

“ಹಿಡ್ದ್ ಬಿಡೂಕೆ ಇಷ್ಟ್ ದುಡ್ಡಾ ಮಾರ್ರೆ?” ಎಂದರು. ಡೈರಿಯಲ್ಲಿ ಇನ್ನೊಂದು ಸಾಲು ಸೇರಿತು.

ಹಿಂದಿನ ದಿನ ಸಂಜೆ ಇಸ್ಲಮೊರಾಡ ತಲುಪಿದಾಗ ರಸ್ತೆ ಬದಿಯಲ್ಲೇ ಒಂದು ಕಲ್ಲಿನ ಸ್ಮಾರಕ ಕಂಡಿತು. 1935ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ಸತ್ತವರ ನೆನಪಿನದು. ಆ ರಾತ್ರಿ ಇಲ್ಲಿ ನಾಲ್ಕುನೂರಕ್ಕೂ ಹೆಚ್ಚು ಜನ ಹೋದರು. ಸಮುದ್ರದ ಮೇಲೆ ಕಟ್ಟಿದ್ದ ರೈಲು ಮಾರ್ಗ ಮತ್ತೆ ಏಳಲೇ ಇಲ್ಲ, ಅದರ ಜಾಡಿನ ಮೇಲೆಯೇ ಈಗಿನ ಹೆದ್ದಾರಿ ಬಂದಿದೆ. ಕಲ್ಲಿನಲ್ಲಿ ಬಿರುಗಾಳಿಗೆ ಬಾಗಿದ ತೆಂಗಿನ ಮರಗಳನ್ನು ಕೆತ್ತಿದ್ದಾರೆ. ಮಾವ ಕೈಮುಗಿದು, ಕೆತ್ತನೆಯನ್ನು ನೋಡಿ, ಎದುರಿಗೆ ಅದೇ ದಿಕ್ಕಿಗೆ ಬಾಗುತ್ತಿದ್ದ ನಿಜವಾದ ತೆಂಗುಗಳನ್ನು ನೋಡಿ, ಕೊನೆಗೆ ನನ್ನನ್ನು ನೋಡಿದರು. ಏನೂ ಹೇಳಲಿಲ್ಲ.

ಬೆಳಿಗ್ಗೆ ಗಾಳಿ 20 ನಾಟ್ ಇತ್ತು. ಕ್ಯಾಪ್ಟನ್ ಬಿಸಿಲಿಗೆ ಸುಟ್ಟ ಮುಖದ, ಕಡಿಮೆ ಮಾತಿನ ಮನುಷ್ಯ. “ಇನ್ನೊಂದು ದಿನ ಬರಬಹುದಿತ್ತು,” ಎಂದರು. ಟ್ಯಾಂಪಾದಿಂದ ಅರ್ಧ ದಿನ ಕಾರು ಓಡಿಸಿಕೊಂಡು ಬಂದವನು ನಾನು. ಗಾಳಿ ನನಗೆ ಅಭ್ಯಾಸವಿದೆ ಎಂದೆ. ಮಾವ ಈ ನಡುವೆ ಮೀನುಗಾರಿಕೆಯ ಲೈಸೆನ್ಸ್ ಕೇಳಿದರು. ಬಾಡಿಗೆ ದೋಣಿಯ ಲೈಸೆನ್ಸೇ ಗಿರಾಕಿಗಳಿಗೂ ಸಾಕು ಎಂದು ಕ್ಯಾಪ್ಟನ್ ಹೇಳಿದರೂ ಕಾಗದ ಕಣ್ಣಲ್ಲಿ ನೋಡಿ, ಅವಧಿ ಮುಗಿಯುವ ತಾರೀಕು ಬರೆದುಕೊಂಡ ಮೇಲೆಯೇ ದೋಣಿ ಹತ್ತಿದ್ದು.

ಆ ದೋಣಿಗೆ ಚಾವಣಿ ಇಲ್ಲ, ಬದಿಯಲ್ಲಿ ಕಟಕಟೆ ಇಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ. ದಾರ ಸಿಕ್ಕಿಕೊಳ್ಳುವಂಥದ್ದು ಏನೂ ಇರಬಾರದು ಎಂಬ ಉದ್ದೇಶದಿಂದ ಎಲ್ಲವನ್ನೂ ಕಿತ್ತುಹಾಕಿರುತ್ತಾರೆ. ಮೊಣಕಾಲುದ್ದದ ನೀರಿಗೆ ಬಂದಾಗ ಕ್ಯಾಪ್ಟನ್ ಇಂಜಿನ್ ನಿಲ್ಲಿಸಿ, ಹಿಂಬದಿಯ ಅಟ್ಟಣೆ ಹತ್ತಿ, ಉದ್ದದ ಕೋಲು ಊರಿ ದೋಣಿ ತಳ್ಳತೊಡಗಿದರು. “ಇಂಜಿನ್ ಹಾಳಾಯ್ತಾ?” ಎಂದು ಮಾವ ಗಾಬರಿಯಾದರು. ಮೀನಿಗೆ ಸದ್ದು ಕೇಳಬಾರದು ಎಂದು ಪಿಸುಗುಟ್ಟಿದೆ. ನಾನು ದೋಣಿಯ ಮೂತಿಯ ಮೇಲೆ ಗಾಳದ ಕೋಲು ಹಿಡಿದು ನಿಂತೆ. ದಾರ ಪಾದಕ್ಕೆ ತಾಗಿದರೆ ತಿಳಿಯಲಿ ಎಂದು ಇಲ್ಲಿ ಬರಿಗಾಲಲ್ಲಿ ನಿಲ್ಲುತ್ತಾರೆ. ನಾನು 120 ಡಾಲರಿನ ಹೊಸ ಬೂಟು ಹಾಕಿದ್ದೆ.

ಬೋನ್‌ಫಿಶ್ ಕಾಣುವ ಮೀನಲ್ಲ. ಮೈಯ ಬೆಳ್ಳಿ ಸುತ್ತಲಿನ ಹುಲ್ಲು ಮರಳನ್ನೇ ಪ್ರತಿಫಲಿಸುತ್ತದೆ, ಆದ್ದರಿಂದ ಮೀನನ್ನು ಬಿಟ್ಟು ಅದರ ನೆರಳನ್ನು ಹುಡುಕಬೇಕು. ನೆರಳಿಗೆ ಬಿಸಿಲು ಬೇಕು. ಬಿಸಿಲನ್ನು ಮೋಡ ನುಂಗುತ್ತ ಬರುತ್ತಿತ್ತು. ಅಷ್ಟರಲ್ಲಿ ಕ್ಯಾಪ್ಟನ್ ಹಿಂದಿನಿಂದ, “ಎರಡು ಗಂಟೆ, ನಲವತ್ತು ಅಡಿ!” ಎಂದರು.

ಮಾವ ತಮ್ಮ ಎಚ್‌ಎಂಟಿ ನೋಡಿಕೊಂಡು, “ಎಂಟೂಕಾಲ್ ಅಷ್ಟೇ,” ಎಂದು ತಿದ್ದಿದರು.

ದೋಣಿಯ ಮೂತಿ ಹನ್ನೆರಡು ಗಂಟೆ, ಬಲಕ್ಕೆ ಮೂರು, ಎಡಕ್ಕೆ ಒಂಬತ್ತು ಎಂದು ಅವರಿಗೆ ವಿವರಿಸಿದೆ. ವಿವರಣೆ ಚೆನ್ನಾಗಿಯೇ ಆಯಿತು. ಮುಗಿಯುವಾಗ ಮೀನು ಹತ್ತು ಗಂಟೆಯನ್ನೂ ದಾಟಿ ಹೋಗಿತ್ತು.

ಎರಡನೆಯ ಗುಂಪು ಕಂಡಾಗ ಬೀಸಿದೆ. ಬಲಗೈಯವನಿಗೆ ಬಲಗಡೆಯಿಂದ ಗಾಳಿ ಬಂದರೆ ದಾರ ನೆಟ್ಟಗೆ ಮೈಮೇಲೆ ಬರುತ್ತದೆಂದು ವಿಡಿಯೋಗಳಲ್ಲಿ ಹೇಳಿದ್ದರು, ಆದರೆ ಅದು ಅಷ್ಟು ಶಬ್ದ ಮಾಡಿಕೊಂಡು ಕಿವಿಯ ಪಕ್ಕ ಬರುತ್ತದೆಂದು ಹೇಳಿರಲಿಲ್ಲ. ಟೋಪಿ ಹಾರಿತು. ನೀರಿನಲ್ಲಿ ತೇಲುತ್ತಿದ್ದ ಟೋಪಿಯನ್ನು ಎಳೆದು ನೋಡಿದರೆ ಕೊಕ್ಕೆ ಅದರ ಅಂಚಿನಲ್ಲೇ ಇತ್ತು. ಮಾವ ಸಮಯ ನಮೂದಿಸಿದರು.

ಇಂಥ ಗಾಳಿಗೆ ಉಪಾಯ ಇದೆ: ಮೀನಿಗೆ ಬೆನ್ನು ತಿರುಗಿಸಿ ನಿಂತು, ಹಿಂದಕ್ಕೆ ಬೀಸುವ ಬೀಸಿನಲ್ಲೇ ಫ್ಲೈ ಬಿಡುವುದು. ಮೀನಿಗೆ ಬೆನ್ನು ಮಾಡಿದರೆ ಕ್ಯಾಪ್ಟನ್ನರಿಗೆ ಮುಖ ಮಾಡಿದಂತಾಗುತ್ತದೆ ಎಂಬುದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಬೆಳಿಗ್ಗೆ ಅವರು ಇಕ್ಕಳ ತೆಗೆದು ನನ್ನ ಕೊಕ್ಕೆಗಳ ಎದುರುಮುಳ್ಳನ್ನೆಲ್ಲ ಅಮುಕುತ್ತಿದ್ದಾಗ, ಮೀನುಗಳ ಮೇಲೆ ಎಂಥ ದಯೆ ಎಂದು ಮೆಚ್ಚಿಕೊಂಡಿದ್ದೆ. ಈಗ ತಮ್ಮ ತೋಳಿನಿಂದ ಕೊಕ್ಕೆಯನ್ನು ಒಂದೇ ಎಳೆತಕ್ಕೆ ತೆಗೆದ ಅವರ ಮುಖ ನೋಡಿದಾಗ ದಯೆ ಯಾರ ಮೇಲಿನದ್ದು ಎಂದು ತಿಳಿಯಿತು. ಆಮೇಲೆ ಅವರು ನನ್ನ ಪ್ರತಿ ಬೀಸಿಗೂ ಅಟ್ಟಣೆಯ ಮೇಲೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು.

ಒಂದು ಸಲ, ಒಂದೇ ಒಂದು ಸಲ, ಎಲ್ಲ ಕೂಡಿಬಂತು. ಮೋಡ ಸರಿಯಿತು, ಗಾಳಿ ಉಸಿರು ಹಿಡಿಯಿತು, ಎರಡು ಮೀನು ತಲೆ ಕೆಳಗೆ ಮಾಡಿ ಬಾಲ ನೀರಿನ ಮೇಲೆ ಆಡಿಸುತ್ತ ಮೇಯುತ್ತಿದ್ದವು. ಕುಣಿಕೆ ಚೆಂದವಾಗಿ ಬಿಚ್ಚಿಕೊಳ್ಳುತ್ತ ಹೊರಟಿತು. ಅರ್ಧ ದಾರಿಯಲ್ಲಿ ಗಕ್ಕನೆ ನಿಂತು, ಇಡೀ ದಾರ ಮುದ್ದೆಯಾಗಿ ಮೀನುಗಳ ಬೆನ್ನ ಮೇಲೆ ಬಿತ್ತು. 120 ಡಾಲರಿನ ಬೂಟಿನ ಕೆಳಗೆ ದಾರ ಇತ್ತು. ಮೀನುಗಳು ಎತ್ತ ಹೋದವೆಂದು ಯಾರೂ ಹೇಳಲಿಲ್ಲ. ಕ್ಯಾಪ್ಟನ್ ದೀರ್ಘವಾಗಿ ಆಕಾಶ ನೋಡಿದರು. ಹವಾಮಾನಕ್ಕೆ ನೋಡುತ್ತಿದ್ದಾರೆ ಎಂದು ನಂಬಿಕೊಂಡೆ.

ನಿಜಕ್ಕೂ ಅದೂ ಇತ್ತು. ಕಾಂಡ್ಲಾ ಗಿಡಗಳ ಆಚೆ ಆಕಾಶ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾನೂ ಅತ್ತ ನೋಡುತ್ತ ನಿಂತಿದ್ದಾಗ ನೀರಿನಲ್ಲಿ ಸುಮ್ಮನೆ ಬಿದ್ದಿದ್ದ ಫ್ಲೈಯನ್ನು ಏನೋ ಎಳೆಯಿತು. “ಮೀನು!” ಎಂದು ಕೂಗಿ, ಪುಸ್ತಕದಲ್ಲಿ ಹೇಳಿದಂತೆ ಕೋಲನ್ನು ಎರಡೂ ಕೈಯಲ್ಲಿ ಆಕಾಶಕ್ಕೆ ಎತ್ತಿದೆ. ಅದೇ ಹೊತ್ತಿಗೆ ಮೊದಲ ಗುಡುಗು. ಕ್ಯಾಪ್ಟನ್ ಏನೋ ಅರಚಿದರು. ಪ್ರೋತ್ಸಾಹ ಎಂದುಕೊಂಡು ಇನ್ನೂ ಎತ್ತರಕ್ಕೆ ಹಿಡಿದೆ. ಕಾರ್ಬನ್ ವಿದ್ಯುತ್ ಹರಿಯುವ ವಸ್ತು. ಬಯಲು ನೀರಿನ ಮಧ್ಯೆ, ಸುತ್ತಮುತ್ತ ಅತಿ ಎತ್ತರದ ಜಾಗದಲ್ಲಿ, 9 ಅಡಿಯ ಮಿಂಚುಕಂಬ ಹಿಡಿದು ನಿಂತವನು ವಿಮಾ ಕಂಪನಿಯ ನೌಕರ. ಮಾವ ಎದ್ದು ಬಂದು ನನ್ನ ಅಂಗಿಯ ಹದಿನಾಲ್ಕು ಜೇಬುಗಳಲ್ಲಿ ಯಾವುದೋ ಒಂದನ್ನು ಹಿಡಿದು ಜಗ್ಗಿ ಕೂರಿಸಿದರು.

ಸಿಕ್ಕಿದ್ದು ಅಂಗೈಯಗಲದ ಪಫರ್ ಮೀನು. ದೋಣಿಗೆ ಬಂದದ್ದೇ ಸಿಟ್ಟಿನಿಂದ ಹೊಟ್ಟೆ ಉಬ್ಬಿಸಿಕೊಂಡು ದುಂಡಗಾಯಿತು.

“ತಿಂಬುಕಾತ್ತಾ?” ಎಂದರು ಮಾವ. ನಾನು ಅನುವಾದಿಸಿದೆ.

“ತಿನ್ನಬಹುದು, ಒಂದೇ ಸಲ,” ಎಂದು ವಿಷದ ಮೀನನ್ನು ನೀರಿಗೆ ಬಿಟ್ಟು ಕ್ಯಾಪ್ಟನ್ ಇಂಜಿನ್ ಚಾಲೂ ಮಾಡಿದರು.

ಆ ಮಳೆಯನ್ನು ವರ್ಣಿಸಲಾರೆ, ಕಣ್ಣು ಬಿಡಲು ಆಗಲಿಲ್ಲ. ವೇಗದ ದೋಣಿಯಲ್ಲಿ ಮಳೆ ಮೇಲಿನಿಂದ ಬರುವುದಿಲ್ಲ, ಎದುರಿನಿಂದ ಬರುತ್ತದೆ. ಹೆದ್ದಾರಿಯ ಸೇತುವೆಯೊಂದರ ಕೆಳಗೆ ನುಗ್ಗಿದಾಗ ಅಲ್ಲಿ ಆಗಲೇ ಮೂರು ನಾಲ್ಕು ದೋಣಿಗಳು ಕಾದಿದ್ದವು. ಪಕ್ಕದ ದೋಣಿಯವನು, ಏನಾದರೂ ಸಿಕ್ಕಿತೇ ಎಂದು ವಾಡಿಕೆಯಂತೆ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮಾವ, ಜೀವಮಾನವೆಲ್ಲ ವರದಿ ಬರೆದ ಇಂಗ್ಲಿಷಿನಲ್ಲಿ, ಪ್ರಯತ್ನ ತೃಪ್ತಿಕರ, ಫಲಿತಾಂಶ ಶೂನ್ಯ ಎಂದು ಉತ್ತರ ಕೊಟ್ಟರು. ಸೇತುವೆಯ ಕೆಳಗೆ ನಗು ಬಹಳ ಹೊತ್ತು ಮೊಳಗುತ್ತದೆ.

ಅಲ್ಲಿಂದ ಕ್ಯಾಪ್ಟನ್ನರಿಗೂ ಮಾವನಿಗೂ ದೋಸ್ತಿಯಾಯಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಬಾರದೆಂದು ಸರ್ಕಾರವೇ ಕಟ್ಟುನಿಟ್ಟು ಮಾಡಿದೆ ಎಂದು ಮಾವ ಹೇಳಿದರು. ಎಂಥ ಬುದ್ಧಿವಂತ ಸರ್ಕಾರ ಎಂದು ಕ್ಯಾಪ್ಟನ್ ತಲೆದೂಗಿದರು. ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು.

ದಡಕ್ಕೆ ಬಂದ ಮೇಲೆ ಟಿಪ್ಸಿನ ಪ್ರಶ್ನೆ. ಇಲ್ಲಿನ ರೂಢಿಯಂತೆ ಶೇಕಡ 20 ಎಂದೆ. ಶೂನ್ಯಕ್ಕೆ ಶೇಕಡ 20 ಎಂದರೆ ಶೂನ್ಯ ಎಂಬುದು ಮಾವನ ಲೆಕ್ಕ. ಆಮೇಲೆ ಕ್ಯಾಪ್ಟನ್ನರ ತೋಳಿನ ತೂತು ಕಣ್ಣಿಗೆ ಬಿದ್ದು, ಅಂಗಿಯ ಬಾಬ್ತೆಂದು 20 ಡಾಲರ್ ತಾವೇ ಸೇರಿಸಿದರು.

ಬರಿಗೈಯಲ್ಲಿ ಹೋದರೆ ಅತ್ತೆ ಏನೆಂದಾರು ಎಂದು ದಾರಿಯಲ್ಲಿ ಮೀನಿನಂಗಡಿಗೆ ನಿಲ್ಲಿಸಿದೆವು. ಗಾಜಿನೊಳಗೆ ಚರ್ಮ ಸುಲಿದ, ಮುಳ್ಳು ತೆಗೆದ ಬಿಳಿ ತುಂಡುಗಳು. ಮಾವ ಆಚೀಚೆ ನೋಡಿದರು. ಎತ್ತಿ ನೋಡಲು ಕಿವಿರೇ ಇಲ್ಲ. “ತಲಿ ಇಲ್ದಿದ್ ಮೀನನ್ನ ನಂಬೂದ್ ಹ್ಯಾಂಗೆ?” ಎಂದು ತಲೆಗಳು ಎಲ್ಲಿ ಎಂದು ವಿಚಾರಿಸಿದರು. ಅಂಗಡಿಯ ಹುಡುಗ ಒಳಗಿನಿಂದ ದೊಡ್ಡ ಸ್ನ್ಯಾಪರ್ ತಲೆಗಳ ಚೀಲ ತಂದು, ಇದನ್ನು ಕೊಳ್ಳುವವರು ಕಡಿಮೆ, ಹಾಗೇ ತೆಗೆದುಕೊಂಡು ಹೋಗಿ ಎಂದ. ಮಾವ ಒಂದೊಂದರ ಕಿವಿರನ್ನೂ ಎತ್ತಿ ನೋಡಿ ಮೂರನ್ನು ಆರಿಸಿದರು. ಅಮೆರಿಕಕ್ಕೆ ಬಂದ ಮೇಲೆ ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ನೋಡಿರಲಿಲ್ಲ.

ನಾವು ಇಳಿದುಕೊಂಡಿದ್ದ ಬಾಡಿಗೆ ಮನೆಯಲ್ಲಿ ಅತ್ತೆ, ಊರಿನಿಂದ ತಂದಿದ್ದ ಮಸಾಲೆ ಪುಡಿಗೆ ತೆಂಗಿನಹಾಲು ಸೇರಿಸಿ ತಲೆಯ ಸಾರು ಮಾಡಿದರು. ಒಗ್ಗರಣೆಯ ಹೊಗೆಗೆ ಅಲಾರಂ ಕೂಗಿಕೊಂಡಾಗ ಅದರ ಕೆಳಗೆ ನಿಂತು ಟವೆಲ್ ಬೀಸಿದವನು ನಾನು. ಆ ದಿನ ನನ್ನ ಬೀಸು ಗುರಿ ಮುಟ್ಟಿದ್ದು ಅಲ್ಲಿ. ಊಟದ ನಂತರ ಮಾವ ಡೈರಿಯನ್ನು ಮೇಜಿನ ಮೇಲೆ ಬಿಟ್ಟು ಕೈತೊಳೆಯಲು ಹೋದಾಗ ಕದ್ದು ನೋಡಿದೆ. ಖರ್ಚಿನ ಪಟ್ಟಿ ಪುಟ ತುಂಬಿ ಮುಂದಿನ ಪುಟಕ್ಕೆ ಹೋಗಿತ್ತು. ಜಮಾ ಬದಿಯಲ್ಲಿ ಒಂದೇ ನಮೂದು: “ತಲೆ 3, ಉಚಿತ. ಅಳಿಯಂದಿರದ್ದು ಸೇರಿಸಿಲ್ಲ.”