ಸ್ಟಾರ್ ಇಲ್ಲದ ಸಿನಿಮಾಕ್ಕೆ ಐದು ಸ್ಟಾರ್

(ಹೊನ್ನಾಳಿ ಬಸ್ ಸ್ಟ್ಯಾಂಡ್. ಮಂಡಕ್ಕಿ-ಮಿರ್ಚಿ ಅಂಗಡಿ.)

ರುದ್ರಣ್ಣ: ಏನ್ಲೇ ತಿಪ್ಪೇಶಿ, ಮೊಬೈಲ್ ಹಂಗ ಒತ್ತಾಕತ್ತೀಯ?

ತಿಪ್ಪೇಶಿ: ‘ಮಹಾವತಾರ ನರಸಿಂಹ’ಕ್ಕೆ ಐದು ಸ್ಟಾರ್ ಕೊಟ್ಟೆ ಕಣಣ್ಣ. 2025ರ ಜುಲೈ 25ಕ್ಕೆ ಬಂತಲ್ಲ, ಅನಿಮೇಷನ್‌ದು.

ರುದ್ರಣ್ಣ: ನೋಡಿದ್ಯಾ?

ತಿಪ್ಪೇಶಿ: ನೋಡಿದ್ರೆ ಅಭಿಪ್ರಾಯ ಕೆಡ್ತತಿ.

ರುದ್ರಣ್ಣ: ಹೀರೋ ಹೆಂಗೆ?

ತಿಪ್ಪೇಶಿ: ಬಂಗಾರ! ಕ್ಯಾರವಾನ್ ಕೇಳಲ್ಲ, ಸೆಟ್ಟಿಗೆ ಲೇಟಾಗಿ ಬರಲ್ಲ.

ರುದ್ರಣ್ಣ: ಹಾಲಿನ ಅಭಿಷೇಕ?

ತಿಪ್ಪೇಶಿ: ಕಟೌಟಿನೋರಿಗೇ ಹಾಲು ಸಾಲಲ್ಲ, ದೇವರಿಗೆ ಎಲ್ಲಿ ಉಳೀತತಿ?

ರುದ್ರಣ್ಣ: ಚನ್ನಗಿರಿ ಬೀಗರು ಏನಂದ್ರು?

ತಿಪ್ಪೇಶಿ: ‘ಹೊಂಬಾಳೆ ಫಿಲ್ಮ್ಸ್’ ಅಂತ ಕಂಡು ಅಡಿಕೆ ತೋಟದ ಕತಿ ಅಂದ್ಕೊಂಡ್ರಂತೆ. ರಾಶಿ ಅಡಿಕೆ ರೇಟು ಹೇಳ್ಲಿಲ್ಲ ಅಂತ ಒಂದೇ ಸ್ಟಾರ್.

ರುದ್ರಣ್ಣ: ನ್ಯಾಮತಿಯೋರು?

ತಿಪ್ಪೇಶಿ: ಕಂಬ ಒಡೆಯೋದು ಮೊದ್ಲೇ ಗೊತ್ತಿತ್ತು, ಸಸ್ಪೆನ್ಸ್ ಇಲ್ಲ ಅಂದ್ರು.

ರುದ್ರಣ್ಣ: ಜಗಳೂರಾಗೆ?

ತಿಪ್ಪೇಶಿ: ಹೆಸರಿಗೆ ತಕ್ಕಂಗೆ! ಹಿರಣ್ಯಕಶಿಪು ಅಭಿಮಾನಿ ಸಂಘ ಕಟ್ಟಿ, ಕ್ಲೈಮ್ಯಾಕ್ಸ್ ಬದಲಿಸ್ರಿ ಅಂತ ಮನವಿ ರೆಡಿ ಮಾಡ್ಯಾರ.

ರುದ್ರಣ್ಣ: ಯಾರಾದ್ರೂ ಪೂರ್ತಿ ನೋಡ್ಯಾರೇನ್ಲೇ?

ತಿಪ್ಪೇಶಿ: ನಮ್ಮ ಹುಡುಗ ನೋಡ್ದ. ಪ್ರಹ್ಲಾದ ಬಂದಾಗ ಚಪ್ಪಾಳೆ ಹೊಡ್ದ, ಸಿಂಹ ಬಂದಾಗ ನನ್ನ ತೋಳು ಚಿವುಟ್ದ, ‘ಚಲೋ ಐತಪ್ಪ’ ಅಂದ.

ರುದ್ರಣ್ಣ: ಅಂದ್ರ ನೀನೂ ಹೋಗಿದ್ದಿ!

ತಿಪ್ಪೇಶಿ: ಹೋಗಿದ್ದೆ. ತಲಿ ಎತ್ತಿದ್ರ ತಾನೆ? ಸ್ಟಾರ್ ಒತ್ತಾಕತ್ತಿದ್ದೆ.

ರುದ್ರಣ್ಣ: ಹುಡುಗ ಎಷ್ಟು ಸ್ಟಾರ್ ಕೊಟ್ಟ?

ತಿಪ್ಪೇಶಿ: ಎಲ್ಲಿ? ಬರೀ ಸಿನಿಮಾ ನೋಡ್ಕೊಂಡು ಬಂದ. ಪಾಪ, ವಿಮರ್ಶೆ ಬರಲ್ಲ ಅವನಿಗೆ.