ನೀಲಿ ಜಾಸ್ತಿಯಾಯ್ತು ಕಣೋ

ಕಲಾವಿದ ದಂಪತಿಯನ್ನು ಗುರುತಿಸುವುದು ಸುಲಭ. ಮದುವೆಯ ಕರೆಯೋಲೆಯನ್ನು ಮರದಚ್ಚಿನಲ್ಲಿ ಮುದ್ರಿಸಿ, ಮುಹೂರ್ತ ಯಾರಿಗೂ ಓದಲಾಗದಂತೆ ನೋಡಿಕೊಂಡವರು ಇವರೇ. ಅವನಿಗೆ ಬಣ್ಣ ಮೆತ್ತಿದ ಖಾದಿ ಜುಬ್ಬಾ, ಅವಳಿಗೆ ರೂಪಾಯಿಯಗಲದ ಕುಂಕುಮ, ಇಬ್ಬರಿಗೂ ಸೇರಿ ಒಂದೇ ಬಗಲುಚೀಲ. ಸಾರಿನ ಒಗ್ಗರಣೆಗೂ ಟರ್ಪೆಂಟೈನಿನ ವಾಸನೆ. ಇಂಥವರ ಒಲವು ಆರತೊಡಗಿದ್ದು ಯಾವಾಗ ಎಂದು ತಿಳಿಯಲು ಜಗಳಗಳನ್ನು ಎಣಿಸಬೇಕಿಲ್ಲ, ಸರ್ವನಾಮಕ್ಕೆ ಕಿವಿಗೊಟ್ಟರೆ ಸಾಕು. ಹೊಸದರಲ್ಲಿ ಅವಳು, "ಲೋ, ನೀಲಿ ಜಾಸ್ತಿಯಾಯ್ತು ಕಣೋ, ಕೆರೆ ಹೋಗಿ ಟಾರ್ಪಾಲು ಹಾಸಿದ ಹಾಗಿದೆ" ಎನ್ನುತ್ತಾಳೆ. ಅವನು ಕುಂಚ ಎಸೆದು, ಎರಡು ದಿನ ಮಾತು ಬಿಟ್ಟು, ಮೂರನೆಯ ರಾತ್ರಿ ಕದ್ದು ಎದ್ದು ನೀಲಿಯನ್ನು ಕೆರೆದು ತೆಗೆಯುತ್ತಾನೆ. ಹತ್ತು ವರ್ಷದ ಮೇಲೆ ಅದೇ ಕೆರೆ, ಅದೇ ಟಾರ್ಪಾಲು; ಅವಳು ಮೊಬೈಲಿನಿಂದ ಕಣ್ಣೆತ್ತದೆ, "ಚೆನ್ನಾಗಿದೆ. ನಿಮ್ಮದು ಯಾವಾಗಲೂ ಚೆನ್ನಾಗಿರುತ್ತೆ" ಎನ್ನುತ್ತಾಳೆ. ಆ 'ನಿಮ್ಮದು' ವಕೀಲರಿಲ್ಲದೆ ಬಂದ ಮೊದಲ ನೋಟಿಸು.

ಕಾಸಿಲ್ಲ, ಒಂದು ಕೋಣೆಯಲ್ಲಿ ಎರಡು ಈಸೆಲ್ ಹಿಡಿಸುವುದಿಲ್ಲ, ಮನಸ್ಸು ಮುರಿಯುವುದು ಅದಕ್ಕೇ ಎನ್ನುವವರಿದ್ದಾರೆ. ಜಾಗದ ಮಾತು ಸುಳ್ಳಲ್ಲ. ಅಮೆರಿಕದ ಲಾಂಗ್ ಐಲೆಂಡ್‌ನಲ್ಲಿ ಜಾಕ್ಸನ್ ಪೊಲಾಕ್ ಕೊಟ್ಟಿಗೆಯ ನೆಲದ ತುಂಬ ಬಣ್ಣ ಚೆಲ್ಲುತ್ತಿದ್ದಾಗ, ಹೆಂಡತಿ ಲೀ ಕ್ರಾಸ್ನರ್ ಮಹಡಿಯ ಮಲಗುವ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದರು. 1956ರಲ್ಲಿ ಆತ ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆಯೇ ಕೊಟ್ಟಿಗೆ ಅವರ ಪಾಲಿಗೆ ಬಂದದ್ದು, ಕ್ಯಾನ್ವಾಸು ಗೋಡೆಯಗಲ ಬೆಳೆದದ್ದು. ಆದರೂ ಆ ಪೊಲಾಕ್ ಹೆಂಡತಿಯನ್ನು ಕರೆದು, ಇದು ಚಿತ್ರ ಹೌದೋ ಅಲ್ಲವೋ ಎಂದು ಕೇಳಿದ್ದುಂಟು. ಕೊಟ್ಟಿಗೆ ಬಿಟ್ಟುಕೊಡಲಿಲ್ಲ, ನಿಜ. ಅಭಿಪ್ರಾಯ ಮಾತ್ರ ಬೇಕಿತ್ತು. ಇನ್ನು ಜಾಗಕ್ಕೆ ಬರವಿಲ್ಲದವರು: ಮೆಕ್ಸಿಕೊ ನಗರದಲ್ಲಿ ಫ್ರೀಡಾ ಕಾಹ್ಲೊಗೊಂದು ಮನೆ, ಡಿಯೇಗೊ ರಿವೇರಾಗೊಂದು ಮನೆ, ನಡುವೆ ಸೇತುವೆ. 1939ರಲ್ಲಿ ವಿಚ್ಛೇದನ, 1940ರಲ್ಲಿ ಮತ್ತೆ ಮದುವೆ. ಇನ್ನೊಂದು ಬೆಡ್‌ರೂಮಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂಬ ವಾದ ಆ ಸೇತುವೆ ದಾಟುವುದಿಲ್ಲ.

ಹೊಗಳಿದರೆ ತಪ್ಪೇನು, ಉಪ್ಪಿಲ್ಲದ ಸಾರನ್ನೂ 'ಚೆನ್ನಾಗಿದೆ' ಎಂದು ಉಂಡೇ ನಮ್ಮ ಸಂಸಾರಗಳು ಐವತ್ತು ವರ್ಷ ನಡೆದಿಲ್ಲವೇ ಎಂದೂ ಕೇಳಬಹುದು. ಸಾರು ರಾತ್ರಿಗೆ ಖಾಲಿಯಾಗುತ್ತದೆ. ಕೆರೆ ಗೋಡೆಯ ಮೇಲೆ ಉಳಿಯುತ್ತದೆ. ಬೇಡ ಎನ್ನುವವರಿಲ್ಲದ ಮೇಲೆ ಅವನು ಅದನ್ನೇ ಹದಿನಾರು ಸಲ ಬರೆಯುತ್ತಾನೆ, 'ಜಲಸರಣಿ' ಎಂದು ಹೆಸರಿಡುತ್ತಾನೆ. ಅವಳು ಬರೆಯುವ ಗೂಬೆಗಳಿಗೂ ಅದೇ ಗತಿ. ಹಾಗಾದರೆ ಬೇರೆಯಾಗಬಹುದಲ್ಲ ಎಂದರೆ, ಅಗಲುವುದಕ್ಕೂ ಕಸುವು ಬೇಕು. ಕಲಾವಿದ ಜೋಡಿ ಮರೀನಾ ಅಬ್ರಮೊವಿಚ್ ಮತ್ತು ಊಲೈ 1988ರಲ್ಲಿ ಚೀನಾದ ಮಹಾಗೋಡೆಯ ಎರಡು ತುದಿಯಿಂದ ತೊಂಬತ್ತು ದಿನ ನಡೆದು, ನಡುವೆ ಸಂಧಿಸಿ, ಬೀಳ್ಕೊಂಡರು; ಅದೂ ಒಂದು ಕಲಾಕೃತಿಯಾಯಿತು. ಇಷ್ಟು ನಡೆಯುವ ತ್ರಾಣ ನಮ್ಮ ದಂಪತಿಗಿಲ್ಲ. ಅವರು ದಿವಾನಕ್ಕೂ ಫ್ರಿಜ್ಜಿಗೂ ನಡುವೆ ಅಗಲುತ್ತಾರೆ, ಜಂಟಿ ಪ್ರದರ್ಶನದ ಕ್ಯಾಟಲಾಗು ಅಚ್ಚಾಗಿರುವುದರಿಂದ ಒಂದೇ ಮನೆಯಲ್ಲಿ ಉಳಿಯುತ್ತಾರೆ.

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದರೆ, ನೀಲಿಗಾಗಿ ಕಿತ್ತಾಡುವ ಜೋಡಿಯ ನಡುವೆ ಬಾಯಿ ಹಾಕಬೇಡಿ. ಪಕ್ಕದಲ್ಲಿ 'ನೀವು, ತಾವು' ಎನ್ನುತ್ತ ಕೂತವರ ಹತ್ತಿರ ಒಂದು ಕೆರೆ, ಒಂದು ಗೂಬೆ ಕೊಳ್ಳಿ. ದುಡ್ಡು ಮಾತ್ರ ಬೇರೆ ಬೇರೆ ಕೊಡಬೇಕು. ಕ್ಯೂಆರ್ ಕೋಡು ಎರಡಿರುತ್ತವೆ.