ಭಾಮೈದನ ಅಂತಾರಾಷ್ಟ್ರೀಯ ಮಟ್ಟ

ಕಾಲೇಜು ಮೇಷ್ಟ್ರುಗಳ ಭೂಗೋಳ ಬಹಳ ಸರಳ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಿದರೆ ಬಡ್ತಿಯ ಲೆಕ್ಕದಲ್ಲಿ ರಾಜ್ಯ ಮಟ್ಟಕ್ಕೆ 2 ಅಂಕ, ರಾಷ್ಟ್ರೀಯಕ್ಕೆ 3, ದೇಶದೊಳಗಿನ ಅಂತಾರಾಷ್ಟ್ರೀಯಕ್ಕೆ 5, ವಿದೇಶದಲ್ಲಿ ನಡೆದರೆ 7. ಅದೇ ಪ್ರಬಂಧ, ಅದೇ ಕಾಗುಣಿತದ ತಪ್ಪುಗಳು. ಬ್ಯಾನರಿನಲ್ಲಿ ‘ರಾಜ್ಯ’ ಅಳಿಸಿ ‘ರಾಷ್ಟ್ರೀಯ’ ಬರೆದರೆ ಒಂದು ಅಂಕ ಹೆಚ್ಚು, ಸಮುದ್ರ ದಾಟಿದರೆ ಐದು ಹೆಚ್ಚು. ಮೊದಲು ಇದಕ್ಕೆಲ್ಲ ರೈಲು, ವಿಮಾನ ಬೇಕಿತ್ತು. 2020ರ ಲಾಕ್‌ಡೌನ್ ಬಂದಮೇಲೆ ಹೊರದೇಶದಲ್ಲಿ ಒಬ್ಬ ನೆಂಟನಿದ್ದರೆ ಸಾಕಾಯಿತು.

ನಮ್ಮ ಪ್ರಾಂಶುಪಾಲರು ಒಂದು ಬೆಳಿಗ್ಗೆ ಫೋನ್ ಮಾಡಿದರು. “ಜಾನಪದದ ವೆಬಿನಾರ್ ಅಂತಾರಾಷ್ಟ್ರೀಯವೇ ಆಗಿಬಿಡಲಿ ಮೇಷ್ಟ್ರೇ. ನಿಮ್ಮ ಭಾಮೈದ ನ್ಯೂಜೆರ್ಸಿಲಿ ಇದಾನಲ್ಲ?”

“ಅವನು ಸಾಫ್ಟ್‌ವೇರ್ ಪರೀಕ್ಷೆ ಮಾಡ್ತಾನೆ ಸಾರ್. ಜಾನಪದ ಗೊತ್ತಿಲ್ಲ.”

“ಕನ್ನಡ ಬರುತ್ತಲ್ಲ? ಸಾಕು ಬಿಡಿ.”

‘ಜಾಗತೀಕರಣ ಮತ್ತು ಜನಪದ ಗೀತೆಗಳು’ ಎಂಬ ವಿಷಯ ನಿಗದಿಯಾಯಿತು. ಜಾಗತೀಕರಣವನ್ನು ಹಿಂದೆ ಅಂಟಿಸಿದರೆ ಕನ್ನಡದಲ್ಲಿ ಯಾವ ವಿಷಯವೂ ಸಂಕಿರಣಕ್ಕೆ ಅರ್ಹವಾಗುತ್ತದೆ, ಮುಂದೆ ಅಂಟಿಸಿದರೆ ಅಂತಾರಾಷ್ಟ್ರೀಯಕ್ಕೇ ಅರ್ಹವಾಗುತ್ತದೆ. ನಮ್ಮ ಹನ್ನೊಂದು ಗಂಟೆಗೆ ಭಾಮೈದನಲ್ಲಿ ರಾತ್ರಿ ಒಂದೂವರೆ. ಪಾಪ, ಕೋಟು ಹಾಕಿ ಟೈ ಕಟ್ಟಿ ಕೂತಿದ್ದ. ಸೊಂಟದಿಂದ ಕೆಳಗಿನದನ್ನು ನಾವೂ ಕೇಳಲಿಲ್ಲ, ಅವನೂ ಏಳಲಿಲ್ಲ.

ಪುಕ್ಕಟೆ ಖಾತೆಯ ಝೂಮ್ ನಲವತ್ತು ನಿಮಿಷಕ್ಕೆ ಬಾಗಿಲು ಹಾಕುತ್ತದೆ. ನಮ್ಮ ಕಾರ್ಯಕ್ರಮದ ಕ್ರಮ ಮಾತ್ರ ಸಭಾಂಗಣದ ಕಾಲದ್ದು: ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿ ಪರಿಚಯ. ಉದ್ಘಾಟನೆಗೆ ಪರದೆಯ ಮೇಲೆ ದೀಪದ ಚಿತ್ರ ತಂದು ನಿಲ್ಲಿಸಿದ್ದರು, ಮೌಸ್ ಒತ್ತಿದರೆ ಬತ್ತಿ ಹತ್ತಬೇಕು. ಕುಲಸಚಿವರು ಒತ್ತಿದ್ದೇ ಒತ್ತಿದ್ದು, ಬತ್ತಿ ಹತ್ತಲಿಲ್ಲ. ಕೊನೆಗೆ ಅವರ ಮನೆಯವರು ದೇವರ ಕೋಣೆಯಿಂದ ಉರಿಯುತ್ತಿದ್ದ ದೀಪವನ್ನೇ ತಂದು ಕ್ಯಾಮೆರಾ ಮುಂದೆ ಹಿಡಿದರು. ಇಡೀ ಕಾರ್ಯಕ್ರಮದಲ್ಲಿ ಅಭ್ಯಾಸಬಲವಿಲ್ಲದೆ ಚಪ್ಪಾಳೆ ಬಿದ್ದದ್ದು ಅದೊಂದಕ್ಕೇ. ಸಂಪನ್ಮೂಲ ವ್ಯಕ್ತಿಗಳು “ಈಗ ವಿಷಯಕ್ಕೆ ಬರೋಣ” ಎನ್ನುವಷ್ಟರಲ್ಲಿ ನಲವತ್ತು ನಿಮಿಷ ಮುಗಿದು ಎಲ್ಲರೂ ಹೊರಗೆ. ಮತ್ತೆ ಲಿಂಕು ಬಂತು, ಮತ್ತೆ ಒಳಗೆ ಹೋದೆವು. ನಿರೂಪಕಿ ಮತ್ತೆ ಎಲ್ಲರನ್ನೂ ಹೆಸರು ಹಿಡಿದು ಸ್ವಾಗತಿಸಿದರು.

ಹಳೆಯ ಸಂಕಿರಣಗಳನ್ನು ನೆನೆದು ನಾನು ಕಣ್ಣೀರು ಹಾಕುವವನಲ್ಲ. ಆದರೆ ಊಟದ ಸಾಲಿನದೇ ಒಂದು ವಿದ್ವತ್ತಿತ್ತು. ವೇದಿಕೆಯಲ್ಲಿ “ಅತ್ಯುತ್ತಮ ಪ್ರಬಂಧ” ಎಂದವರೇ ಹೋಳಿಗೆಗೆ ತಟ್ಟೆ ಒಡ್ಡಿಕೊಂಡು, “ಎರಡನೇ ಪುಟ ಅವರದ್ದಲ್ಲ ಕಣ್ರೀ, ನನ್ನದು” ಎಂದು ಪಿಸುಗುಟ್ಟುತ್ತಿದ್ದರು. ಝೂಮಿನಲ್ಲಿ ಪಿಸುಗುಟ್ಟಲು ಹೋದವರ ಗತಿ ಎಲ್ಲರಿಗೂ ಗೊತ್ತು. ಕಾಲೇಜಿನ ಕೆಲಸವೆಂದು ಓಓಡಿ ಹಾಕಿ ಪರವೂರಿಗೆ ಹೋಗಿ ಸೀರೆ ಅಂಗಡಿ ನೋಡಿಬರುವ ಸಂಶೋಧನೆಯೂ ನಿಂತುಹೋಯಿತು.

ಅಂತೂ ವೆಬಿನಾರಿನಲ್ಲಿ ಪ್ರಬಂಧ ಮುಗಿಯಿತು. ಯಾರೂ ಕೇಳಲಾರರು ಎಂಬ ಧೈರ್ಯದಲ್ಲಿ ಪ್ರಾಂಶುಪಾಲರು “ಪ್ರಶ್ನೆಗಳಿದ್ದರೆ ಕೇಳಬಹುದು” ಅಂದರು. ಬಿ.ಎ. ಹುಡುಗಿಯೊಬ್ಬಳು, ಸಿಗ್ನಲ್ಲಿಗಾಗಿ ಮಾಳಿಗೆ ಹತ್ತಿ ಕೂತವಳು, ಕೇಳಿಯೇಬಿಟ್ಟಳು: “ಸರ್, ನಮ್ಮಜ್ಜಿ ಒಂದು ಪದ ಬೀಸುವಾಗ ಹಾಡ್ತಾಳೆ. ಪುಸ್ತಕದಲ್ಲಿ ಅದನ್ನೇ ಮದುವೆ ಪದ ಅಂತ ಹಾಕಿದಾರೆ. ಯಾವುದು ಸರಿ?”

ಒಂದೂಕಾಲು ಗಂಟೆ ನಿರ್ಮಲವಾಗಿ ಹರಿದಿದ್ದ ಸಂಪನ್ಮೂಲ ವ್ಯಕ್ತಿಗಳ ನೆಟ್‌ವರ್ಕ್ ಆ ಕ್ಷಣಕ್ಕೆ ಸರಿಯಾಗಿ ಕೈಕೊಟ್ಟಿತು. ಅವರ ಮುಖ ಅರ್ಧ ತೆರೆದ ಬಾಯಿಯಲ್ಲಿ ನಿಂತಿತು, ಆಮೇಲೆ ಹೆಸರಷ್ಟೇ ಉಳಿಯಿತು. ಪ್ರಾಂಶುಪಾಲರು ವಂದನಾರ್ಪಣೆಗೆ ಕೈಸನ್ನೆ ಮಾಡುತ್ತಿದ್ದರು. ಅಷ್ಟರಲ್ಲಿ ಭಾಮೈದ, ಬಹುಶಃ ನಿದ್ದೆಗಣ್ಣಿನಲ್ಲಿ, “ಒಂದ್ನಿಮಿಷ, ನಮ್ಮವ್ವಗ ಕೇಳ್ತೀನಿ” ಅಂದು ರಾಣೆಬೆನ್ನೂರಿಗೆ ವಾಟ್ಸಾಪ್ ಕರೆ ಹಚ್ಚಿ ಫೋನನ್ನು ಲ್ಯಾಪ್‌ಟಾಪಿಗೆ ಹಿಡಿದ.

“ಕೈ ಹಿಟ್ಟಾಗೈತಿ, ಲಗೂ ಹೇಳು” ಅಂದರು ನಮ್ಮತ್ತೆ. ಪ್ರಶ್ನೆ ಕೇಳಿಸಿಕೊಂಡು ನಕ್ಕರು. “ಎರಡೂ ಖರೇನ. ಮದಿವ್ಯಾಗ ಅರಿಶಿಣ ಕುಟ್ಟೂಮುಂದ ಬಾಯಿ ಸುಮ್ಕಿರತೈತೇನು? ಬೀಸೂ ಪದಾನೂ ಹಾಡ್ತೀವಿ. ಪದಕ್ಕೇನ ಗೊತ್ತು ಮದಿವಿ ಯಾವುದು, ಜ್ವಾಳ ಯಾವುದು!” ಕೇಳದಿದ್ದರೂ ನಾಲ್ಕು ನುಡಿ ಹಾಡಿಯೂ ತೋರಿಸಿ, ರೊಟ್ಟಿ ಹೊತ್ತುತ್ತದೆಂದು ಫೋನಿಟ್ಟರು. ಹುಡುಗಿ ಬರೆದುಕೊಂಡಳು. ಚಾಟಿನಲ್ಲಿ ಆವರೆಗೆ “ಪ್ರಮಾಣಪತ್ರದ ಲಿಂಕ್ ಯಾವಾಗ?” ಎಂದಷ್ಟೇ ಬರುತ್ತಿತ್ತು, ಒಬ್ಬರು “ಇನ್ನೊಂದು ಪದ ಹಾಡಿಸಿ” ಎಂದು ಹಾಕಿದರು.

ತಕರಾರು ಆಮೇಲೆ ಶುರುವಾಯಿತು. ಅತ್ತೆಗೂ ಪ್ರಮಾಣಪತ್ರ ಕೊಡಬೇಕೆಂದು ನಾನು ಪಟ್ಟು ಹಿಡಿದೆ, ಪ್ರಾಂಶುಪಾಲರೂ ಒಪ್ಪಿದರು. ಕಾಲೇಜಿನ ಗುಣಮಟ್ಟ ನೋಡುವ ಐಕ್ಯೂಎಸಿ ಕೋಶದ ಸಂಯೋಜಕರು ಮಾತ್ರ ಕಡತದ ಮೇಲೆ ಬರೆದು ಕಳಿಸಿದ್ದಾರೆ: ಸದರಿಯವರು ರಾಣೆಬೆನ್ನೂರಿನವರಾದ್ದರಿಂದ ರಾಜ್ಯ ಮಟ್ಟವೋ, ಧ್ವನಿಯು ನ್ಯೂಜೆರ್ಸಿಯ ಮೂಲಕ ಬಂದಿರುವುದರಿಂದ ವಿದೇಶವೋ, ಸ್ಪಷ್ಟೀಕರಣ ನೀಡುವುದು.